ಇದು ದೇವರ ನಡೆಸುವಿಕೆಯೋ, ನನ್ನದೇ ಯೋಚನೆಯೋ? ಹಂತ ಹಂತವಾಗಿ ಪರೀಕ್ಷಿಸುವುದು ಹೇಗೆ

ಪ್ರಾರ್ಥನೆಗೆ ಕೂತಾಗ ಒಂದು ಯೋಚನೆ ಬರುತ್ತದೆ. "ಈ ಕೆಲಸ ಬಿಟ್ಟು ಪೂರ್ಣಕಾಲಿಕ ಸೇವೆಗೆ ಹೋಗು." "ಅಣ್ಣನ ಹತ್ತಿರ ಹೋಗಿ ಕ್ಷಮೆ ಕೇಳು." "ಈ ಸಂಬಂಧಕ್ಕೆ ಒಪ್ಪಿಕೋ." ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಏಳುತ್ತದೆ: ಇದು ದೇವರು ಹೇಳಿದ್ದಾ, ಅಥವಾ ನನ್ನ ಮನಸ್ಸೇ ಹೇಳಿಕೊಂಡಿದ್ದಾ?

ಹೀಗೆ ಕೇಳಿಕೊಳ್ಳುವುದೇ ಅವಿಶ್ವಾಸ ಅಂತ ಎಷ್ಟೋ ಜನ ಹೆದರುತ್ತಾರೆ. ಖಂಡಿತ ಅಲ್ಲ. ಎಲ್ಲಾ ಆತ್ಮಗಳನ್ನೂ ನಂಬಬೇಡಿ, ಅವು ದೇವರಿಂದ ಬಂದವೋ ಎಂದು ಪರೀಕ್ಷಿಸಿ ಎನ್ನುತ್ತದೆ 1 ಯೋಹಾನ 4:1. ಪ್ರವಾದನೆಗಳನ್ನು ಹೀನೈಸಬೇಡಿ, ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಎಂದು ಪೌಲ ಥೆಸಲೋನಿಕದ ಸಭೆಗೆ ಬರೆದ. ಪರೀಕ್ಷಿಸಲು ಹೇಳಿದ್ದು ಸತ್ಯವೇದವೇ. ಹಾಗಾಗಿ ಪರೀಕ್ಷಿಸುವುದು ವಿಧೇಯತೆಯೇ.

ಇನ್ನೊಂದು ಭಯವೂ ಇದೆ. "ನಾನು ತಡ ಮಾಡಿದರೆ ದೇವರು ಸುಮ್ಮನಾಗಿಬಿಟ್ಟರೆ?" ಇದಕ್ಕೆ 1 ಸಮುವೇಲ 3ನೇ ಅಧ್ಯಾಯ ಓದಿ. ಬಾಲಕ ಸಮುವೇಲ ದೇವರ ಸ್ವರವನ್ನು ಯಾಜಕ ಏಲಿಯ ಸ್ವರ ಅಂದುಕೊಂಡು ಮೂರು ಸಲ ಏಲಿಯ ಬಳಿಗೆ ಓಡಿದ. ದೇವರು ಅವನನ್ನು ಗದರಿಸಲಿಲ್ಲ, ಬಿಟ್ಟೂ ಹೋಗಲಿಲ್ಲ. ನಾಲ್ಕನೇ ಸಲ ಮತ್ತೆ ಕರೆದರು. ಕೇಳುವ ಮನಸ್ಸಿರುವವರಿಗೆ ದೇವರು ಇನ್ನೊಮ್ಮೆ ಹೇಳುತ್ತಾರೆ. ಮುಂದಿನ ಹಂತಗಳೆಲ್ಲ ಈ ನಂಬಿಕೆಯ ಮೇಲೆ ನಿಂತಿವೆ. ಆದ್ದರಿಂದ ಅವಸರ ಬೇಡ. ದೊಡ್ಡ ವಿಷಯವಾದರೆ ಈ ಹಂತಗಳಿಗೆ ಕೆಲವು ವಾರಗಳೇ ಹಿಡಿಯಬಹುದು.

ಹಂತ 1: ಇದು ಯಾವ ಬಗೆಯ ಪ್ರಶ್ನೆ ಅಂತ ನೋಡಿ

ಕೆಲವು ಪ್ರಶ್ನೆಗಳಿಗೆ ಉತ್ತರ ಆಗಲೇ ಬಂದಿದೆ. ತೆಗೆದುಕೊಂಡ ಸಾಲ ತೀರಿಸಬೇಕಾ? ಸುಳ್ಳು ಲೆಕ್ಕಕ್ಕೆ ಸಹಿ ಹಾಕಬಹುದಾ? ಮನಸ್ತಾಪ ಇರುವ ಅಣ್ಣನ ಹತ್ತಿರ ನಾನೇ ಮೊದಲು ಹೋಗಬೇಕಾ? ಇವಕ್ಕೆ ದರ್ಶನ ಬೇಕಿಲ್ಲ. ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎನ್ನುವ ಮತ್ತಾಯ 5:23-24 ಓದಿದರೆ ಅಣ್ಣನ ವಿಷಯ ಮುಗಿಯಿತು. ಇಂಥ ಕಡೆ "ಪ್ರಾರ್ಥನೆ ಮಾಡಿ ನೋಡ್ತೀನಿ" ಅನ್ನುವುದು ಹೆಚ್ಚಿನ ಸಲ ಮುಂದೂಡುವ ದಾರಿ ಅಷ್ಟೇ.

ಇನ್ನು ಕೆಲವು ವಿಷಯಗಳಲ್ಲಿ ದೇವರು ನಮಗೆ ಸ್ವಾತಂತ್ರ್ಯ ಕೊಟ್ಟಿದ್ದಾರೆ. ಗಂಡ ಸತ್ತ ಹೆಂಗಸು ತನಗೆ ಇಷ್ಟವಾದವನನ್ನು ಮದುವೆಯಾಗಲು ಸ್ವತಂತ್ರಳು, ಆದರೆ ಅದು ಕರ್ತನಲ್ಲಿರಬೇಕು ಎಂದು 1 ಕೊರಿಂಥ 7:39ರಲ್ಲಿ ಪೌಲ ಹೇಳುತ್ತಾನೆ. ಮದುವೆಯಂಥ ದೊಡ್ಡ ವಿಷಯದಲ್ಲೂ ಒಂದು ಗೆರೆ ಎಳೆದು, ಅದರ ಒಳಗೆ ಆಯ್ಕೆಯನ್ನು ಅವಳಿಗೇ ಬಿಟ್ಟಿದ್ದಾನೆ ಅಲ್ವಾ? ಯಾವ ಬಟ್ಟೆ ಹಾಕಬೇಕು, ಯಾವ ದಾರಿಯಲ್ಲಿ ಹೋಗಬೇಕು ಅಂತ ಪ್ರತಿ ಗಂಟೆ ಸೂಚನೆಗೆ ಕಾಯುವವರು ಬೇಗ ದಣಿಯುತ್ತಾರೆ.

ಉಳಿದದ್ದು ನಡುವಿನವು: ವಾಕ್ಯ ನೇರವಾಗಿ ಉತ್ತರ ಹೇಳದ, ಆದರೆ ಬದುಕಿನ ದಿಕ್ಕನ್ನೇ ಬದಲಿಸುವ ಪ್ರಶ್ನೆಗಳು. ಮೊದಲು ಹೇಳಿದ "ಕೆಲಸ ಬಿಟ್ಟು ಸೇವೆಗೆ ಹೋಗು" ಅನ್ನುವುದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಮುಂದೆ ಹೋಗೋಣ.

ಹಂತ 2: ಬಂದ ಮಾತನ್ನು ಬಂದ ಹಾಗೇ ಬರೆದಿಡಿ

ಒಂದು ನೋಟ್‌ಬುಕ್ ತೆಗೆದುಕೊಂಡು ದಿನಾಂಕ ಹಾಕಿ. ಯೋಚನೆ ಯಾವಾಗ ಬಂತು, ಆಗ ಏನು ಓದುತ್ತಿದ್ದಿರಿ, ಸರಿಯಾಗಿ ಯಾವ ಮಾತುಗಳಲ್ಲಿ ಬಂತು ಅಂತ ಬರೆಯಿರಿ. ನೀವು ಅದಕ್ಕೆ ಸೇರಿಸಿಕೊಂಡದ್ದನ್ನು ಕೆಳಗೆ ಬೇರೆಯಾಗಿ ಬರೆಯಿರಿ.

ಇದು ಚಿಕ್ಕ ಕೆಲಸ ಅನ್ನಿಸಬಹುದು, ಆದರೆ ಬಿಡಬೇಡಿ. ಯಾಕೆಂದರೆ ಬಂದದ್ದು "ನನ್ನ ಕುರಿಗಳನ್ನು ನೋಡಿಕೋ" ಅನ್ನುವಷ್ಟೇ ಇರಬಹುದು. "ಈ ತಿಂಗಳೇ ರಾಜೀನಾಮೆ ಕೊಡು, ಬೇರೆ ಊರಿಗೆ ಹೋಗು, ಹೊಸ ಸಭೆ ಶುರು ಮಾಡು" ಅನ್ನುವುದು ಆಮೇಲೆ ನಮ್ಮ ಕಲ್ಪನೆ ಕಟ್ಟಿದ್ದು. ಎರಡು ವಾರ ಕಳೆದರೆ ಎರಡೂ ಒಂದಾಗಿ ಬೆರೆತು, ಎಲ್ಲವೂ ದೇವರ ಮಾತೇ ಅನ್ನಿಸಲು ಶುರುವಾಗುತ್ತದೆ. ತಮ್ಮ ಹೃದಯದಿಂದ ಹುಟ್ಟಿದ ದರ್ಶನವನ್ನು ಹೇಳುವ ಪ್ರವಾದಿಗಳ ಬಗ್ಗೆ ಯೆರೆಮೀಯ 23:16 ಎಚ್ಚರಿಸುತ್ತದೆ.

ಹಂತ 3: ನಿಮ್ಮ ಆಸೆಯನ್ನು ಮುಚ್ಚಿಡದೆ ಒಪ್ಪಿಕೊಳ್ಳಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ ಹಂತ ಇದು. ಜನ ಇದನ್ನು ದಾಟಿ ಓಡುವುದೇ ಜಾಸ್ತಿ.

ಯೆರೆಮೀಯ 42ನೇ ಅಧ್ಯಾಯದಲ್ಲಿ ಒಂದು ಘಟನೆ ಇದೆ. ಯೆರೂಸಲೇಮ್ ಬಿದ್ದ ಮೇಲೆ ಉಳಿದ ಜನ ಪ್ರವಾದಿಯ ಬಳಿಗೆ ಬಂದು, ನಾವು ಎಲ್ಲಿಗೆ ಹೋಗಬೇಕೆಂದು ದೇವರನ್ನು ಕೇಳು ಎಂದು ಬೇಡಿಕೊಂಡರು. ಉತ್ತರ ಒಳ್ಳೆಯದಿರಲಿ ಕೆಟ್ಟದಿರಲಿ, ಕೇಳುತ್ತೇವೆ ಎಂದು ಮಾತೂ ಕೊಟ್ಟರು. ಹತ್ತು ದಿನದ ಮೇಲೆ ಉತ್ತರ ಬಂತು: ಇಲ್ಲೇ ಇರಿ, ಐಗುಪ್ತಕ್ಕೆ ಹೋಗಬೇಡಿ. ತಕ್ಷಣ ಅವರು "ನೀನು ಸುಳ್ಳು ಹೇಳುತ್ತೀ" ಎಂದರು. ಹಿಂದಿನ ಅಧ್ಯಾಯ ನೋಡಿದರೆ ಕಾರಣ ಗೊತ್ತಾಗುತ್ತದೆ. ಕೇಳಲು ಬರುವ ಮೊದಲೇ ಅವರು ಐಗುಪ್ತದ ದಾರಿ ಹಿಡಿದಾಗಿತ್ತು. ಅವರಿಗೆ ಬೇಕಾಗಿದ್ದದ್ದು ಸಹಿ ಮಾತ್ರ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 10,000ಕ್ಕೂ ಹೆಚ್ಚು ಅನಾಥ ಮಕ್ಕಳನ್ನು ಪ್ರಾರ್ಥನೆಯ ಬಲದಿಂದಲೇ ಸಾಕಿದ ಜಾರ್ಜ್ ಮುಲ್ಲರ್ (1805-1898) ದೇವರ ಚಿತ್ತ ತಿಳಿಯುವ ತಮ್ಮ ಕ್ರಮವನ್ನು ಹೇಳುವಾಗ ಇದನ್ನೇ ಮೊದಲಿಗೆ ಇಟ್ಟರು. ಆ ವಿಷಯದಲ್ಲಿ ತನ್ನದೇ ಹಟ ಇಲ್ಲದ ಸ್ಥಿತಿಗೆ ಹೃದಯವನ್ನು ತರಬೇಕು, ತೊಡಕಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅಲ್ಲೇ ಬಿಡಿಸಿಕೊಳ್ಳುತ್ತದೆ ಎನ್ನುವುದು ಅವರ ಮಾತು. ಅಷ್ಟು ಪ್ರಾರ್ಥಿಸುತ್ತಿದ್ದ ಮನುಷ್ಯ, ಬರೀ ಭಾವನೆಯನ್ನು ನಂಬಿದರೆ ಮೋಸಹೋಗುತ್ತೇನೆ ಎಂದೂ ಹೇಳಿದ್ದರು.

ಮಾಡಬೇಕಾದ್ದು ಇಷ್ಟು. ಪುಟದ ಮೇಲೆ ಎರಡು ವಾಕ್ಯ ಬರೆಯಿರಿ: "ದೇವರು ಹೋಗು ಅಂದರೆ ನನಗೆ ಏನು ಸಿಗುತ್ತದೆ?" "ದೇವರು ಬೇಡ ಅಂದರೆ ನಾನು ಏನು ಕಳೆದುಕೊಳ್ಳುತ್ತೇನೆ?" ಉತ್ತರ ಪ್ರಾಮಾಣಿಕವಾಗಿರಲಿ. ಆಫೀಸಿನಲ್ಲಿ ಮೇಲಿನವರ ಕಾಟ ತಪ್ಪುತ್ತದೆ ಅಂತಿದ್ದರೆ ಹಾಗೇ ಬರೆಯಿರಿ. ವೇದಿಕೆ ಮೇಲೆ ನಿಲ್ಲುವ ಆಸೆ ಇದ್ದರೆ ಅದನ್ನೂ ಬರೆಯಿರಿ. ಆಸೆ ಇದೆ ಅಂದ ಮಾತ್ರಕ್ಕೆ ಅದು ದೇವರದ್ದಲ್ಲ ಅಂತ ಅರ್ಥ ಅಲ್ಲ. ಎಷ್ಟೋ ಸಲ ಆ ಆಸೆಯನ್ನು ಇಟ್ಟವರೇ ದೇವರು. ಕಷ್ಟವಾದದ್ದೆಲ್ಲ ದೇವರ ಚಿತ್ತ, ಇಷ್ಟವಾದದ್ದೆಲ್ಲ ಶರೀರಭಾವ ಅಂತ ಅಂದುಕೊಳ್ಳುವುದೂ ತಪ್ಪೇ. ಆಸೆ ಇದ್ದರೂ ಅದು ಬೆಳಕಿಗೆ ಬರಬೇಕು. ಗೆತ್ಸೇಮನೆಯಲ್ಲಿ ಯೇಸು ತಮಗೆ ಬೇಕಾದ್ದನ್ನು ಬಚ್ಚಿಡಲಿಲ್ಲ. ಈ ಪಾತ್ರೆ ನನ್ನನ್ನು ಬಿಟ್ಟು ಹೋಗಲಿ ಎಂದು ಬಾಯಿಬಿಟ್ಟು ಕೇಳಿದರು. ಆಮೇಲೆ, ನನ್ನ ಚಿತ್ತದಂತಾಗದೆ ನಿನ್ನ ಚಿತ್ತದಂತೆಯೇ ಆಗಲಿ ಎಂದರು. ಒಂದೇ ಪ್ರಾರ್ಥನೆ ಅಲ್ಲ, ಮತ್ತೆ ಮತ್ತೆ. "ಬೇಡ" ಅನ್ನುವ ಉತ್ತರವನ್ನೂ ಸಮಾಧಾನದಿಂದ ತೆಗೆದುಕೊಳ್ಳಬಲ್ಲೆ ಅನ್ನಿಸುವವರೆಗೆ ಈ ಹಂತದಲ್ಲೇ ಇರಿ.

ಹಂತ 4: ದೇಹ, ಮನಸ್ಸಿನ ಸ್ಥಿತಿ ನೋಡಿ

ಪ್ರವಾದಿ ಎಲೀಯ ಗಿಡದ ಕೆಳಗೆ ಕೂತು ಸಾಯಬೇಕು ಅಂದಾಗ ದೇವರು ಮೊದಲು ಪ್ರಸಂಗ ಮಾಡಲಿಲ್ಲ. ಮಲಗಲು ಬಿಟ್ಟರು, ದೂತನ ಕೈಯಿಂದ ರೊಟ್ಟಿ, ನೀರು ಕೊಟ್ಟರು, ಮತ್ತೆ ಮಲಗಲು ಬಿಟ್ಟರು, ಮತ್ತೆ ಉಣಿಸಿದರು. ಹೋರೇಬ್ ಬೆಟ್ಟದಲ್ಲಿ ದೇವರ ಮಂದಸ್ವರ ಬಂದದ್ದು ಅದಾದ ಮೇಲೆ (1 ಅರಸುಗಳು 19).

ನಿದ್ದೆಯಿಲ್ಲದ ವಾರದಲ್ಲಿ, ಜಗಳದ ರಾತ್ರಿ, ಸಾವಿನ ದುಃಖದಲ್ಲಿ, ಅಥವಾ ದೊಡ್ಡ ಕೂಟದ ಹುಮ್ಮಸ್ಸಿನಲ್ಲಿ ಬಂದ ಯೋಚನೆಯನ್ನು ಬರೆದಿಡಿ, ಆದರೆ ಅದರ ಮೇಲೆ ತೀರ್ಮಾನ ಮಾಡಬೇಡಿ. ಮನಸ್ಸು ಒಣಗಿ, ದೇವರು ದೂರ ಅನ್ನಿಸುವ ಹೊತ್ತಿನಲ್ಲಿ, ಮೊದಲು ಮಾಡಿದ್ದ ಒಳ್ಳೆಯ ತೀರ್ಮಾನವನ್ನು ಬದಲಿಸಬಾರದು ಅನ್ನುವುದು 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲಾ ಕೊಟ್ಟ ನಿಯಮ. ಅವರ ಸಭೆ ಯಾವುದು, ನಿಮ್ಮದು ಯಾವುದು ಅನ್ನುವುದು ಇಲ್ಲಿ ಅಡ್ಡ ಬರಬೇಕಿಲ್ಲ. ನಿಯಮ ಬಹಳ ಉಪಯೋಗದ್ದು.

ಹಂತ 5: ವಾಕ್ಯದ ಮುಂದೆ ಇಡಿ

"ನಿನ್ನ ವಾಕ್ಯವು ನನ್ನ ಕಾಲಿಗೆ ದೀಪವೂ ನನ್ನ ದಾರಿಗೆ ಬೆಳಕೂ ಆಗಿದೆ" (ಕೀರ್ತನೆ 119:105). ದೇವರು ತಾವೇ ಹೇಳಿದ ಮಾತಿಗೆ ವಿರುದ್ಧವಾಗಿ ನಡೆಸುವುದಿಲ್ಲ. ಹೆಂಡತಿ ಮಕ್ಕಳನ್ನು ಕೈಬಿಟ್ಟು ಸೇವೆಗೆ ಹೋಗು ಅನ್ನುವ ಸ್ವರ ಎಷ್ಟೇ ಸ್ಪಷ್ಟವಾಗಿ ಕೇಳಿದರೂ ತನ್ನ ಮನೆಯವರನ್ನು ನೋಡಿಕೊಳ್ಳದವನು ವಿಶ್ವಾಸವನ್ನೇ ತಳ್ಳಿಬಿಟ್ಟವನು ಎನ್ನುವ 1 ತಿಮೊಥೆ 5:8ರ ಮುಂದೆ ಅದು ನಿಲ್ಲುವುದಿಲ್ಲ. ಅಲ್ಲಿಗೆ ಮುಗಿಯಿತು, ಮುಂದಿನ ಹಂತಗಳು ಬೇಕಿಲ್ಲ.

ಆದರೆ ಒಂದು ವಚನ ಸಿಕ್ಕಿತು ಅಂದ ತಕ್ಷಣ ದೇವರ ಒಪ್ಪಿಗೆ ಸಿಕ್ಕಿತು ಅಂತಲ್ಲ. ಯೇಸುವನ್ನು ಶೋಧಿಸುವಾಗ ಸೈತಾನನೂ ವಚನ ಹೇಳಿದ, 91ನೇ ಕೀರ್ತನೆಯಿಂದ. ಯೇಸು ಅದಕ್ಕೆ ಧರ್ಮೋಪದೇಶಕಾಂಡದ ಇನ್ನೊಂದು ವಚನದಿಂದ ಉತ್ತರ ಕೊಟ್ಟರು. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ಕಡೆ ಓದುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. ದಿನವೂ ಕ್ರಮವಾಗಿ ಓದುವ ಭಾಗದಲ್ಲಿ, ನೀವು ಹುಡುಕದೇ ಇದ್ದಾಗ, ಅದೇ ವಿಷಯ ಎದುರಾಗುತ್ತದಾ ನೋಡಿ. ಎದುರಾದರೆ ಆ ವಚನದ ಹಿಂದಿನ, ಮುಂದಿನ ಭಾಗವನ್ನೂ ಓದಿ, ಅಲ್ಲಿ ಯಾರು ಯಾರಿಗೆ ಯಾಕೆ ಹೇಳಿದರು ಅಂತ ತಿಳಿದುಕೊಳ್ಳಿ. ಬೆರೋಯ ಊರಿನವರು ಪೌಲನ ಮಾತನ್ನೂ ದಿನಾಲೂ ಶಾಸ್ತ್ರಗಳಲ್ಲಿ ಪರಿಶೋಧಿಸಿದರು, ಅದಕ್ಕಾಗಿ ಅವರನ್ನು ಹೊಗಳಲಾಗಿದೆ (ಅಪೊಸ್ತಲರ ಕೃತ್ಯಗಳು 17:11).

ಹಂತ 6: ಆ ಯೋಚನೆಯ ದನಿ ಹೇಗಿದೆ, ಅದು ಹೋದ ಮೇಲೆ ಏನು ಉಳಿಯುತ್ತದೆ

"ನನ್ನ ಕುರಿಗಳು ನನ್ನ ಸ್ವರಕ್ಕೆ ಕಿವಿಗೊಡುತ್ತವೆ" ಎಂದು ಯೇಸು ಹೇಳಿದರು. ತಾಯಿ ಫೋನಿನಲ್ಲಿ ಹೆಸರು ಹೇಳದಿದ್ದರೂ ಮಕ್ಕಳಿಗೆ ಗೊತ್ತಾಗುವುದು ವರ್ಷಗಟ್ಟಲೆ ಆ ದನಿ ಕೇಳಿದ್ದರಿಂದ. ಸುವಾರ್ತೆಗಳನ್ನು ಮತ್ತೆ ಮತ್ತೆ ಓದುವವರಿಗೆ ಯೇಸು ಹೇಗೆ ಮಾತಾಡುತ್ತಾರೆ, ಹೇಗೆ ಮಾತಾಡುವುದಿಲ್ಲ ಅನ್ನುವುದು ತಾನಾಗಿಯೇ ಒಳಗಿಳಿಯುತ್ತದೆ.

ಮೇಲಿನಿಂದ ಬರುವ ಜ್ಞಾನ ಹೇಗಿರುತ್ತದೆಂದು ಯಾಕೋಬ 3:17 ಹೇಳುತ್ತದೆ: ಪರಿಶುದ್ಧ, ಸಮಾಧಾನಕರ, ಸಾತ್ವಿಕ, ಇತರರ ಮಾತು ಕೇಳುವಂಥದ್ದು, ಕರುಣೆ ತುಂಬಿದ್ದು. ನಿಮ್ಮ ಯೋಚನೆಯನ್ನು ಇದರ ಪಕ್ಕ ಇಟ್ಟು ನೋಡಿ. "ಈಗಲೇ ಮಾಡು, ಯಾರಿಗೂ ಹೇಳಬೇಡ, ಇಲ್ಲದಿದ್ದರೆ ಶಿಕ್ಷೆ" ಅಂತ ಬೆನ್ನಟ್ಟುವ ಒತ್ತಡ ಕುರುಬನದ್ದಲ್ಲ. ಪಾಪದ ವಿಷಯದಲ್ಲೂ ಹೀಗೇ. ಪವಿತ್ರಾತ್ಮರು ಪಾಪವನ್ನು ತೋರಿಸಿದಾಗ ಅದು ನಿರ್ದಿಷ್ಟವಾಗಿರುತ್ತದೆ: "ನಿನ್ನೆ ಆಡಿದ ಆ ಮಾತು ಸುಳ್ಳು, ಹೋಗಿ ಸರಿಮಾಡಿಕೋ." ಹಿಂತಿರುಗುವ ದಾರಿಯೂ ಜೊತೆಗೇ ಕಾಣುತ್ತದೆ. "ನೀನು ಯಾವುದಕ್ಕೂ ಲಾಯಕ್ಕಿಲ್ಲ, ನಿನ್ನನ್ನು ದೇವರು ಬಿಟ್ಟಾಯಿತು" ಅನ್ನುವ ಮೋಡದಂಥ ಆಪಾದನೆಯಲ್ಲಿ ಯಾವ ದಾರಿಯೂ ಇರುವುದಿಲ್ಲ. ದೇವರ ಚಿತ್ತದ ದುಃಖ ಮಾನಸಾಂತರಕ್ಕೆ ಒಯ್ಯುತ್ತದೆ, ಲೋಕದ ದುಃಖ ಮರಣಕ್ಕೆ ಎಂದು 2 ಕೊರಿಂಥ 7:10 ಇವೆರಡನ್ನೂ ಬೇರ್ಪಡಿಸುತ್ತದೆ.

ಯೋಚನೆ ಬಂದಾಗ ಏನನ್ನಿಸಿತು ಅನ್ನುವುದಕ್ಕಿಂತ, ಅದು ಹೋದ ಮೇಲೆ ಏನು ಉಳಿಯಿತು ಅಂತ ಗಮನಿಸಿ. ಇದೂ ಇಗ್ನೇಷಿಯಸ್‌ರಿಂದ ಕಲಿಯುವಂಥದ್ದು. ಅವರು ಸೈನಿಕರಾಗಿದ್ದರು. 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಕಾಲಿಗೆ ಗುಂಡು ಬಿದ್ದು ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದರು. ವೀರರ ಸಾಹಸ, ರಾಜಮನೆತನದ ಹೆಣ್ಣಿನ ಮೆಚ್ಚುಗೆ ಇವನ್ನೆಲ್ಲ ಕನಸು ಕಾಣುವಾಗ ಖುಷಿಯಾಗುತ್ತಿತ್ತು, ಆಮೇಲೆ ಮನಸ್ಸು ಒಣಗಿದಂತಾಗುತ್ತಿತ್ತು. ಸಂತರ ಹಾಗೆ ಕ್ರಿಸ್ತನನ್ನು ಹಿಂಬಾಲಿಸುವ ಯೋಚನೆ ಬಂದಾಗಲೂ ಖುಷಿಯಾಗುತ್ತಿತ್ತು, ಆದರೆ ಆ ಖುಷಿ ಯೋಚನೆ ಮುಗಿದ ಮೇಲೂ ಉಳಿಯುತ್ತಿತ್ತು. ಈ ವ್ಯತ್ಯಾಸ ಗಮನಕ್ಕೆ ಬಂದ ದಿನದಿಂದ ಅವರ ಬದುಕು ತಿರುಗಿತು. ನೀವೂ ಹೀಗೆ ಮಾಡಿ: ಒಂದು ವಾರ ಕೆಲಸ ಬಿಟ್ಟೆ ಅಂತಲೇ ಅಂದುಕೊಂಡು ಬದುಕಿ, ಮುಂದಿನ ವಾರ ಬಿಡಲಿಲ್ಲ ಅಂತ ಅಂದುಕೊಳ್ಳಿ. ದಿನದ ಕೊನೆಗೆ ಮನಸ್ಸಿನಲ್ಲಿ ಏನು ಉಳಿಯಿತು ಅಂತ ನೋಟ್‌ಬುಕ್ಕಿನಲ್ಲಿ ಒಂದೆರಡು ಸಾಲು ಬರೆಯಿರಿ.

ಇಲ್ಲಿ ಒಂದು ಎಚ್ಚರಿಕೆ. "ನನಗೆ ಸಮಾಧಾನ ಇದೆ, ಹಾಗಾಗಿ ಇದು ದೇವರ ಚಿತ್ತ" ಅನ್ನುವ ಮಾತು ಸಭೆಗಳಲ್ಲಿ ಬಹಳ ಕೇಳುತ್ತೇವೆ. ಬರೀ ಸಮಾಧಾನವನ್ನೇ ನಂಬಬೇಡಿ. ಪ್ರವಾದಿ ಯೋನ ದೇವರಿಂದ ಓಡಿಹೋಗುತ್ತಿದ್ದಾಗ, ಬಿರುಗಾಳಿಯ ನಡುವೆ, ಹಡಗಿನ ಅಡಿಯಲ್ಲಿ ಗಾಢ ನಿದ್ದೆಯಲ್ಲಿದ್ದ. ಯೇಸು ತಂದೆಯ ಚಿತ್ತದ ನಡುವೆಯೇ ನಿಂತು, ರಕ್ತದ ಹನಿಗಳಂತೆ ಬೆವರು ಸುರಿಸಿದರು. ವಿಧೇಯತೆಯಲ್ಲಿ ನಡುಕ ಇರಬಹುದು, ಅವಿಧೇಯತೆಯಲ್ಲಿ ನಿದ್ದೆ ಬರಬಹುದು. ನಡುಕದ ಕೆಳಗೂ ದೇವರ ಮೇಲಿನ ಭರವಸೆ ನಿಂತಿದೆಯಾ ಅಂತ ನೋಡಿ.

ಹಂತ 7: ತೆರೆದ ಬಾಗಿಲನ್ನು ಸಾಕ್ಷಿ ಅಂದುಕೊಳ್ಳಬೇಡಿ

ಯೋನ ಯೊಪ್ಪಕ್ಕೆ ಇಳಿದಾಗ ತಾರ್ಷೀಷಿಗೆ ಹೊರಟ ಹಡಗು ಸಿದ್ಧವಾಗಿತ್ತು. ಪ್ರಯಾಣಕ್ಕೆ ಕೊಡಲು ಹಣವೂ ಇತ್ತು. ಎಲ್ಲ ಕೂಡಿಬಂತು, ಆದರೆ ದಿಕ್ಕು ತಪ್ಪು. ಏಂಗೆದಿಯ ಗವಿಯಲ್ಲಿ ದಾವೀದ ಅಡಗಿದ್ದಾಗ, ಅವನನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಸೌಲ ಒಬ್ಬನೇ ಒಳಗೆ ಬಂದ. ಇದೇ ಯೆಹೋವನು ಹೇಳಿದ ದಿನ ಎಂದು ಜೊತೆಯವರು ಹೇಳಿದರು. ಸಂದರ್ಭ, ಸಲಹೆ, ದೇವರ ಹೆಸರು ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ದಾವೀದ ಅವನನ್ನು ಕೊಲ್ಲಲಿಲ್ಲ. ಯೆಹೋವನ ಅಭಿಷಿಕ್ತನ ಮೇಲೆ ಕೈ ಎತ್ತಬಾರದು ಎಂದು ಅವನಿಗೆ ಗೊತ್ತಿತ್ತು.

ಕುರಿಯ ತುಪ್ಪಟ ನೆಲದ ಮೇಲಿಟ್ಟು, ಮಂಜು ಅದರ ಮೇಲೆ ಮಾತ್ರ ಬೀಳಲಿ ಎಂದು ಗಿದ್ಯೋನ ಕೇಳಿದ ಹಾಗೆ ಗುರುತು ಕೇಳಬಹುದಾ ಅಂತ ಬಹಳ ಜನ ಕೇಳುತ್ತಾರೆ. ನ್ಯಾಯಸ್ಥಾಪಕರು 6 ಗಮನವಿಟ್ಟು ಓದಿ. ಗಿದ್ಯೋನನಿಗೆ ಅಪ್ಪಣೆ ಆಗಲೇ ಸಿಕ್ಕಿತ್ತು. ಹೆದರಿಕೆಯಿಂದ ಅವನು ಮತ್ತೆ ಗುರುತು ಕೇಳಿದ, ದೇವರು ಕರುಣೆಯಿಂದ ಕೊಟ್ಟರು. ಅದು ದೇವರ ತಾಳ್ಮೆಯ ಕಥೆ. ನಾವು ದಿನಾ ಬಳಸುವ ವಿಧಾನವಾಗಿ ಅದನ್ನು ಕೊಟ್ಟಿಲ್ಲ.

ಹಂತ 8: ಇಬ್ಬರು ಮೂವರ ಮುಂದೆ ಇಡಿ

ಯೆರೂಸಲೇಮಿನ ಸಭೆ ದೊಡ್ಡ ವಿವಾದವೊಂದನ್ನು ಬಗೆಹರಿಸಿ ಬರೆದ ಪತ್ರದಲ್ಲಿ "ಪವಿತ್ರಾತ್ಮನಿಗೂ ನಮಗೂ" ಹೀಗೆ ಒಳ್ಳೆಯದಾಗಿ ತೋರಿತು ಎಂದಿದೆ (ಅಪೊಸ್ತಲರ ಕೃತ್ಯಗಳು 15:28). ಆ ಮಾತು ಬಂದದ್ದು ಬಹಳ ಚರ್ಚೆಯ ಮೇಲೆ.

ಯಾರನ್ನು ಕೇಳಬೇಕು? ನಿಮ್ಮನ್ನು ಚೆನ್ನಾಗಿ ಬಲ್ಲವರನ್ನು, "ಬೇಡ" ಅನ್ನಲು ಹಿಂಜರಿಯದವರನ್ನು, ನಿಮ್ಮ ತೀರ್ಮಾನದಿಂದ ಲಾಭ ಇಲ್ಲದವರನ್ನು. ಪಾಸ್ಟರ್, ಫಾದರ್ ಅಥವಾ ವಿಶ್ವಾಸದಲ್ಲಿ ಹಣ್ಣಾದ ಹಿರಿಯರೊಬ್ಬರು ಇದ್ದರೆ ಒಳ್ಳೆಯದು. ಮದುವೆಯಾಗಿದ್ದರೆ ಗಂಡ ಅಥವಾ ಹೆಂಡತಿಯನ್ನು ಬಿಟ್ಟು ಈ ಹಂತ ಪೂರ್ತಿಯಾಗುವುದಿಲ್ಲ. ಹೇಗೆ ಕೇಳುತ್ತೀರಿ ಅನ್ನುವುದೂ ಮುಖ್ಯ. "ದೇವರು ನನಗೆ ಹೇಳಿದರು" ಅಂತ ಶುರುಮಾಡಿದರೆ ಯಾರೂ ಬಾಯಿ ಬಿಡುವುದಿಲ್ಲ. "ದೇವರು ಹೀಗೆ ನಡೆಸುತ್ತಿರಬಹುದು ಅನ್ನಿಸುತ್ತಿದೆ, ಪರೀಕ್ಷಿಸಲು ಸಹಾಯ ಮಾಡಿ" ಅನ್ನಿ. ಕ್ವೇಕರ್ ಎಂಬ ಕ್ರೈಸ್ತ ಪಂಗಡದ ಸಭೆಗಳಲ್ಲಿ ಹೀಗೆ ಸೇರಿದವರು ಸಲಹೆ ಕೊಡುವುದಿಲ್ಲ, ಪ್ರಶ್ನೆ ಮಾತ್ರ ಕೇಳುತ್ತಾರೆ. ನಿಮ್ಮ ಸ್ನೇಹಿತರಿಗೂ ಹಾಗೇ ಮಾಡಲು ಹೇಳಿ ನೋಡಿ. ಉತ್ತರ ಕೊಡುತ್ತಾ ಕೊಡುತ್ತಾ ನಿಮಗೇ ಬಹಳಷ್ಟು ತಿಳಿಯಾಗುತ್ತದೆ.

ಬೇರೆಯವರು ನಿಮಗೆ "ಕರ್ತನು ಹೀಗೆ ಹೇಳುತ್ತಾನೆ" ಎಂದು ಪ್ರವಾದನೆ ತಂದರೆ ಅದನ್ನೂ ಇದೇ ಹಂತಗಳಲ್ಲಿ ನಡೆಸಿ. 1 ಅರಸುಗಳು 13ರಲ್ಲಿ ದೇವರ ಮನುಷ್ಯನೊಬ್ಬನಿಗೆ, ಇಲ್ಲಿ ಊಟ ಮಾಡಬೇಡ, ನೀರು ಕುಡಿಯಬೇಡ ಎಂದು ಸ್ಪಷ್ಟ ಅಪ್ಪಣೆ ಇತ್ತು. ಒಬ್ಬ ಮುದಿ ಪ್ರವಾದಿ ಬಂದು, ದೇವದೂತ ಹೇಳಿದ್ದಾನೆ ಊಟಕ್ಕೆ ಬಾ ಎಂದು ಸುಳ್ಳು ಹೇಳಿದ. ನಂಬಿ ಹೋದವನು ಅದೇ ದಿನ ದಾರಿಯಲ್ಲಿ ಸಿಂಹದ ಬಾಯಿಗೆ ಸಿಕ್ಕಿ ಸತ್ತ. ಮಾತಾಡುವವರ ವಯಸ್ಸು, ಹೆಸರು, ಹುದ್ದೆ ಯಾವುದೂ ಪರೀಕ್ಷೆಯಿಂದ ವಿನಾಯಿತಿ ಕೊಡುವುದಿಲ್ಲ. ಹಣ ಅಥವಾ ಮದುವೆಯ ವಿಷಯದಲ್ಲಿ ಯಾರಾದರೂ ಪ್ರವಾದನೆ ಹೇಳಿ ಆತುರಪಡಿಸಿದರೆ ಇನ್ನೂ ಜಾಗ್ರತೆ.

ವೈದ್ಯರ ಸಹಾಯ ಬೇಕಾದಾಗ

ಕಿವಿಗೆ ಸ್ವರಗಳು ಕೇಳಿಸುತ್ತಾ ನಿಮ್ಮನ್ನು ಬೈಯುತ್ತಿದ್ದರೆ, ನಿಮಗೋ ಇನ್ನೊಬ್ಬರಿಗೋ ಹಾನಿ ಮಾಡು ಅನ್ನುತ್ತಿದ್ದರೆ, ದಿನಗಟ್ಟಲೆ ನಿದ್ದೆಯೇ ಬೇಡ ಅನ್ನಿಸುತ್ತಿದ್ದರೆ, ತಡಮಾಡದೆ ಮನೋವೈದ್ಯರನ್ನು ಕಾಣಿ. ದೇವದೂಷಣೆಯ ಯೋಚನೆಗಳು ಬೇಡವೆಂದರೂ ನುಗ್ಗಿ, ಅದಕ್ಕಾಗಿ ಒಂದೇ ಪಾಪವನ್ನು ನೂರು ಸಲ ಅರಿಕೆ ಮಾಡುತ್ತಿದ್ದರೆ ಅದು ಗೀಳು ಕಾಯಿಲೆಯ ಒಂದು ರೂಪವಾಗಿರಬಹುದು. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಇದು ವಿಶ್ವಾಸದ ಕೊರತೆ ಅಲ್ಲ, ಪ್ರಾರ್ಥನೆ ಬಿಡಿ ಅಂತಲೂ ಅಲ್ಲ. ಎರಡೂ ಜೊತೆಗೆ ನಡೆಯಲಿ.

ಹಂತ 9: ಹಿಂತಿರುಗಬಹುದಾದ ಚಿಕ್ಕ ಹೆಜ್ಜೆ ಇಡಿ

ಇಷ್ಟೆಲ್ಲ ಆದ ಮೇಲೂ ನೂರಕ್ಕೆ ನೂರು ಖಚಿತ ಸಿಗದೇ ಇರಬಹುದು. ಪೌಲನಿಗೂ ಒಂದೇ ಸಲಕ್ಕೆ ಸಿಗಲಿಲ್ಲ. ಅಪೊಸ್ತಲರ ಕೃತ್ಯಗಳು 16ರಲ್ಲಿ ಅವನು ಆಸ್ಯಕ್ಕೆ ಹೋಗಬೇಕೆಂದಾಗ ಪವಿತ್ರಾತ್ಮರು ತಡೆದರು. ಬಿಥೂನ್ಯದ ಕಡೆಗೆ ತಿರುಗಿದ, ಅಲ್ಲೂ ತಡೆ. ತ್ರೋವಕ್ಕೆ ಬಂದು ಮಲಗಿದ ರಾತ್ರಿ ಮಕೆದೋನ್ಯದ ಮನುಷ್ಯನ ದರ್ಶನ ಆಯಿತು. ಆಗಲೂ ಜೊತೆಯವರೆಲ್ಲ ಸೇರಿ, ದೇವರು ನಮ್ಮನ್ನು ಕರೆದಿದ್ದಾರೆ ಎಂದು ನಿಶ್ಚಯಿಸಿಕೊಂಡರು. ಅವನು ಸುಮ್ನೆ ಕೂತಿರಲಿಲ್ಲ, ನಡೆಯುತ್ತಿದ್ದ. ನಡೆಯುವಾಗಲೇ ದೇವರು ತಡೆದರು, ತಿರುಗಿಸಿದರು.

ಹಾಗಾಗಿ ರಾಜೀನಾಮೆಗೆ ಮೊದಲು ಶನಿವಾರ ಭಾನುವಾರ ಅದೇ ಸೇವೆ ಮಾಡಿ ನೋಡಿ. ಯಾರೂ ನೋಡದ ಕೆಲಸ ಕೇಳಿ ಪಡೆಯಿರಿ. ರೋಗಿಗಳನ್ನು ನೋಡಲು ಹೋಗುವುದು, ಮಕ್ಕಳಿಗೆ ಪಾಠ ಹೇಳುವುದು ಇಂಥವು. ಮೂರು ತಿಂಗಳ ಮುಂದಿನ ಒಂದು ದಿನಾಂಕವನ್ನು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿ, ಅವತ್ತು ಎಲ್ಲಾ ಪುಟಗಳನ್ನು ಒಟ್ಟಿಗೆ ಓದಿ. ಆ ಎಳೆತ ಬಲವಾಗುತ್ತಾ ಬಂದಿದ್ದರೆ, ಹಿರಿಯರೂ ಅದನ್ನೇ ಕಂಡಿದ್ದರೆ, ಧೈರ್ಯವಾಗಿ ಮುಂದೆ ಹೋಗಿ. ಮುಂದೆ ಕಷ್ಟ ಬಂದರೆ ತೀರ್ಮಾನವೇ ತಪ್ಪು ಅಂತ ಅಂದುಕೊಳ್ಳಬೇಡಿ. ಆ ದರ್ಶನ ನಂಬಿ ಫಿಲಿಪ್ಪಿಗೆ ಹೋದ ಪೌಲ ಮತ್ತು ಸೀಲ ಏಟು ತಿಂದು ಸೆರೆಮನೆಯಲ್ಲಿದ್ದರು.

ಏನೂ ಕೇಳಿಸದಿದ್ದರೆ, ಅಥವಾ ತಪ್ಪಾಗಿ ಕೇಳಿಸಿಕೊಂಡಿದ್ದರೆ

ಏನೂ ಸ್ಪಷ್ಟವಾಗದಿದ್ದರೆ ಈಗ ಇರುವ ಕಡೆಯೇ ನಂಬಿಗಸ್ತರಾಗಿರಿ. ತೀರ್ಮಾನಕ್ಕೆ ಗಡುವು ಇದ್ದರೆ ಯಾಕೋಬ 1:5ರಂತೆ ಜ್ಞಾನ ಕೇಳಿಕೊಂಡು, ಪ್ರೀತಿಗೆ ಹೆಚ್ಚು ಒಪ್ಪುವ ದಾರಿಯನ್ನು ಆರಿಸಿ. ದೇವರು ನಿಮ್ಮ ಬುದ್ಧಿಯನ್ನೂ ನಡೆಸುತ್ತಾರೆ.

ತಪ್ಪು ಅಂತ ಗೊತ್ತಾದರೆ ದಾವೀದನ ಕಾಲದ ಪ್ರವಾದಿ ನಾತಾನನನ್ನು ನೋಡಿ. ದೇವರಿಗೆ ಮನೆ ಕಟ್ಟಬೇಕೆಂಬ ಆಸೆಯನ್ನು ದಾವೀದ ಹೇಳಿದಾಗ, ಮನಸ್ಸಿನಲ್ಲಿರುವುದನ್ನೆಲ್ಲ ಮಾಡು, ಯೆಹೋವನು ನಿನ್ನೊಂದಿಗಿದ್ದಾನೆ ಎಂದ. ನಿಜವಾದ ಪ್ರವಾದಿಯೇ, ಆದರೂ ಅದು ಅವನ ಸ್ವಂತ ಯೋಚನೆ. ಅದೇ ರಾತ್ರಿ ದೇವರು ಬೇರೆ ಮಾತು ಕೊಟ್ಟರು. ನಾತಾನ ತನ್ನ ಮರ್ಯಾದೆ ನೋಡಿಕೊಳ್ಳದೆ ಅರಸನ ಬಳಿಗೆ ಹೋಗಿ ಎಲ್ಲವನ್ನೂ ತಿಳಿಸಿದ (2 ಸಮುವೇಲ 7). ದೇವರು ಅವನನ್ನು ಪ್ರವಾದಿಯ ಸ್ಥಾನದಿಂದ ತೆಗೆಯಲಿಲ್ಲ. ನೀವು ಯಾರಿಗೆ "ದೇವರು ಹೇಳಿದರು" ಅಂದಿದ್ದಿರೋ ಅವರ ಹತ್ತಿರವೇ ಹೋಗಿ, "ಅದು ನನ್ನ ಯೋಚನೆಯಾಗಿತ್ತು" ಅಂತ ನೇರವಾಗಿ ಹೇಳಿ. ಅದರಿಂದ ಅವರಿಗೆ ನಷ್ಟವಾಗಿದ್ದರೆ ನಿಮ್ಮ ಕೈಲಾದಷ್ಟು ತುಂಬಿಕೊಡಿ. ನೋಟ್‌ಬುಕ್ಕಿನಲ್ಲಿ ಆ ಪುಟದ ಕೆಳಗೆ, ಯಾವ ಹಂತವನ್ನು ಬಿಟ್ಟಿದ್ದೆ ಅಂತ ಒಂದು ಸಾಲು ಬರೆದಿಡಿ.